ದುಡಿಯಲಾಗದ ಮಾಜಿ ಸೈನಿಕರಿಗೆ ಅಂಗವೈಕಲ್ಯ ಪಿಂಚಣಿ

ನಾಸಿಕದ ದೇವಳಾಲಿ ಫಿರಂಗಿದಳದ ತರಬೇತಿ ಶಾಲೆಯಿಂದ ಹೆಸರಾದ ದಂಡುಪ್ರದೇಶ. 2023ರಲ್ಲಿ ಛತ್ರಪತಿ ಸಂಭಾಜಿನಗರವೆಂದು ಹೆಸರು ಬದಲಾದ ಔರಂಗಾಬಾದಿನಲ್ಲಿಯೂ ದಂಡುಪ್ರದೇಶವಿದೆ. ಅಲ್ಲಿ ನೆಲೆಸಿರುವ ಮಾಜಿ ಸೈನಿಕರ ಕುಟುಂಬಗಳು ಅರಿತಿರಬೇಕಾದ ವಿಷಯವಿದು.

ಸೈನಿಕ ಸೇವೆಯಿಂದ ಉಂಟಾದ ಅಥವಾ ಉಲ್ಬಣಿಸಿದ ವೈಕಲ್ಯದ ಕಾರಣ ಬಿಡುಗಡೆ ಹೊಂದಿದವರಿಗೆ ಈ ಪಿಂಚಣಿ ಸಲ್ಲುತ್ತದೆ. ಇದರಲ್ಲಿ ಸೇವಾಂಶ, ವೈಕಲ್ಯಾಂಶವೆಂದು ಎರಡು ಭಾಗ. ವೈಕಲ್ಯವು ನೂರಕ್ಕೆ ನೂರಾದಲ್ಲಿ ವೈಕಲ್ಯಾಂಶವು ಕೊನೆಯ ವೇತನದ ಶೇ. 30. ವೈದ್ಯಮಂಡಳಿಯು ಶೇ. 50ಕ್ಕಿಂತ ಕಡಿಮೆಯೆಂದು ಬರೆದರೂ, ವೈಕಲ್ಯದಿಂದಲೇ ಸೇವೆ ತೊರೆದವರಿಗೆ ಅದನ್ನು 50 ಎಂದೇ ಎಣಿಸುತ್ತಾರೆ.

ವಿವಾದ ಹುಟ್ಟುವುದು ‘ಸೇವೆಯಿಂದ ಉಂಟಾದ’ ಎಂಬ ಮಾತಿನಲ್ಲಿ. ಗುಂಡೇಟಿಗೆ ಗಾಯವೇ ಸಾಕ್ಷಿ. ಮೂರ್ಛೆರೋಗಕ್ಕೆ, ಮನೋವ್ಯಾಧಿಗೆ ಸಾಕ್ಷಿಯೇನು? ಧರ್ಮವೀರ ಸಿಂಗ್ ಪ್ರಕರಣದಲ್ಲಿ (2013) ಸರ್ವೋಚ್ಚ ನ್ಯಾಯಾಲಯವು, ಸೇರುವಾಗಿನ ದಾಖಲೆಯಲ್ಲಿ ರೋಗದ ಉಲ್ಲೇಖವಿಲ್ಲದಿದ್ದರೆ ಅದು ಸೇವೆಯಿಂದಲೇ ಬಂದಿತೆಂದು ಭಾವಿಸಬೇಕು, ಅಲ್ಲವೆಂದು ಸಾಧಿಸುವ ಹೊಣೆ ಸರ್ಕಾರದ್ದು ಎಂದಿತು. ಸೈನಿಕನ ಪಾಲಿಗೆ ಇದು ದೊಡ್ಡ ಆಸರೆ. ಆದರೆ 2023ರ ಸೆಪ್ಟೆಂಬರ್ 21ರ ಬಳಿಕ ಬಿಡುಗಡೆಗೊಂಡವರಿಗೆ ಹೊಸ ನಿಯಮಗಳಿವೆ.

ಅರ್ಜಿ ತಿರಸ್ಕೃತವಾದರೆ ಮೊದಲು ಇಲಾಖೆಗೆ ಮೇಲ್ಮನವಿ, ಅನಂತರ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮುಂಬಯಿ ಪೀಠ. ಎರಡೂ ಜಿಲ್ಲೆಗಳ ಸೈನಿಕ ಕಲ್ಯಾಣ ಕಚೇರಿಗಳಲ್ಲಿ ಮಾರ್ಗದರ್ಶನ ದೊರೆಯುತ್ತದೆ. ಬಿಡುಗಡೆಯ ವೇಳೆಯ ವೈದ್ಯಮಂಡಳಿಯ ವರದಿ ಕೈಯಲ್ಲಿರಲಿ; ಸಾಮಾನ್ಯವಾಗಿ ಅದು ಮನೆಯ ಹಳೆಯ ಟ್ರಂಕಿನ ತಳದಲ್ಲಿಯೇ ಇರುತ್ತದೆ.