ಬ್ಯಾಡಗಿ ಮೆಣಸಿನಕಾಯಿಯ ಕೆಂಪು: ಇಪ್ಪತ್ತೆರಡು ಎಲೆಕ್ಟ್ರಾನ್‌ಗಳ ಲೆಕ್ಕ

ಹಾನಗಲ್ಲ ತಾಲ್ಲೂಕಿನ ಅಕ್ಕಿಆಲೂರಿನಿಂದ ಪೂರ್ವಕ್ಕೆ ಹೊರಟರೆ ನೆರೆಯ ತಾಲ್ಲೂಕು ಬ್ಯಾಡಗಿ. ಆ ಊರಿನ ಹೆಸರು ಹೊತ್ತ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಡಬ್ಬಿ ಬಗೆಯದಾಗಲಿ ಕಡ್ಡಿ ಬಗೆಯದಾಗಲಿ, ಖಾರ ಕಡಿಮೆ ಇದ್ದರೂ ಅದಕ್ಕೆ ಬೆಲೆ ತರುವುದು ಬಣ್ಣ. ಆ ಬಣ್ಣದ ಮೂಲವನ್ನು ಪಠ್ಯಪುಸ್ತಕಗಳ ಸರಳ ಎಲೆಕ್ಟ್ರಾನ್ ಮಾದರಿ ಎಷ್ಟರ ಮಟ್ಟಿಗೆ ವಿವರಿಸಬಲ್ಲದು ಎಂಬುದು ಈ ಟಿಪ್ಪಣಿಯ ಪ್ರಶ್ನೆ. ಅರ್ಧಕ್ಕಿಂತ ಕಡಿಮೆ ಎಂಬುದು ನನ್ನ ಉತ್ತರ. ಉಳಿದ ಭಾಗಕ್ಕೆ ಬೇಕಾದ ಸಿದ್ಧಾಂತದ ದೊಡ್ಡ ಪಾಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸೈದ್ಧಾಂತಿಕ ರಸಾಯನ ವಿಜ್ಞಾನಿ ಎಸ್. ರಾಮಶೇಷ ಅವರ ಗುಂಪಿನಲ್ಲಿ ಬೆಳೆದಿದೆ. ಅವರು ಕೆಲಸ ಮಾಡಿದ್ದು ಪಾಲಿಯೀನ್ ಎಂಬ ಸರಪಳಿ ಅಣುಗಳ ಮೇಲೆ. ಅದನ್ನು ಮೆಣಸಿನಕಾಯಿಗೆ ಅನ್ವಯಿಸುತ್ತಿರುವುದು ನಾನು.

ಹಣ್ಣು ಮೆಣಸಿನಕಾಯಿಯ ಮುಖ್ಯ ಕೆಂಪು ವರ್ಣಕ ಕ್ಯಾಪ್ಸಾಂಥಿನ್. 40 ಇಂಗಾಲ, 56 ಜಲಜನಕ, 3 ಆಮ್ಲಜನಕ ಪರಮಾಣುಗಳ ಈ ಅಣುವಿನ ನಡುವೆ ಒಂದು ಬಿಟ್ಟು ಒಂದರಂತೆ ದ್ವಿಬಂಧಗಳು ಸಾಲಾಗಿವೆ: ಇಂಗಾಲ–ಇಂಗಾಲ ದ್ವಿಬಂಧಗಳು ಹತ್ತು, ಕೊನೆಯಲ್ಲಿ ಇಂಗಾಲ–ಆಮ್ಲಜನಕ ದ್ವಿಬಂಧ ಒಂದು. ಒಟ್ಟು 22 ಪರಮಾಣು, 22 ಪೈ ಎಲೆಕ್ಟ್ರಾನ್. ಮಾವಿನ ಹಳದಿಗೆ ಕಾರಣವಾದ ಬೀಟಾ ಕ್ಯಾರೋಟಿನ್‌ನಲ್ಲೂ ಹನ್ನೊಂದೇ ದ್ವಿಬಂಧ. ಆದರೆ ಅದು ಸುಮಾರು 450 ನ್ಯಾನೋಮೀಟರಿನ ಬೆಳಕನ್ನು ಹೀರಿದರೆ, ಕ್ಯಾಪ್ಸಾಂಥಿನ್ ಸುಮಾರು 475ರಲ್ಲಿ ಹೀರುತ್ತದೆ. ಬೀಟಾ ಕ್ಯಾರೋಟಿನ್‌ನ ತುದಿಯ ದ್ವಿಬಂಧಗಳು ಉಂಗುರದೊಳಗೆ ಸೇರಿ ಸರಪಳಿಯ ಸಮತಲದಿಂದ ತಿರುಚಿಕೊಂಡಿರುತ್ತವೆ. ಕ್ಯಾಪ್ಸಾಂಥಿನ್‌ನ ಒಂದು ತುದಿಯಲ್ಲಿ ಆ ಜಾಗದಲ್ಲಿ ಹಾಗೆ ತಿರುಚಿಕೊಳ್ಳದ ಕಾರ್ಬೊನಿಲ್, ಅಂದರೆ ಮೇಲೆ ಹೇಳಿದ ಇಂಗಾಲ–ಆಮ್ಲಜನಕ ದ್ವಿಬಂಧ, ಇದೆ. ಹಣ್ಣಿನಲ್ಲಿ ಈ ವರ್ಣಕದ ಹೆಚ್ಚಿನ ಪಾಲು ಕೊಬ್ಬಿನ ಆಮ್ಲಗಳೊಂದಿಗೆ ಎಸ್ಟರ್ ಆಗಿರುತ್ತದೆಂಬುದು ನಿಜ. ಆ ಜೋಡಣೆ ನಡೆಯುವ ಹೈಡ್ರಾಕ್ಸಿಲ್ ಗುಂಪುಗಳು ದ್ವಿಬಂಧಗಳ ಸಾಲಿನ ಹೊರಗಿರುವುದರಿಂದ ಬಣ್ಣದ ಲೆಕ್ಕದಲ್ಲಿ ಅದನ್ನು ಬಿಡಬಹುದು.

ಈಗ ಲೆಕ್ಕ. ಎರಿಕ್ ಹ್ಯೂಕೆಲ್ 1931ರಲ್ಲಿ ಕೊಟ್ಟ ಮಾದರಿಯಲ್ಲಿ ಪ್ರತಿ ಎಲೆಕ್ಟ್ರಾನ್ ಉಳಿದವುಗಳ ಗೊಡವೆಯಿಲ್ಲದೆ ಸರಪಳಿಯುದ್ದಕ್ಕೂ ಚಲಿಸುತ್ತದೆ. ಪಕ್ಕದ ಪರಮಾಣುವಿಗೆ ಜಿಗಿಯುವ ಶಕ್ತಿಗೆ ಪಾಲಿಯೀನ್ ಅಧ್ಯಯನಗಳಲ್ಲಿ ರೂಢಿಯಾಗಿರುವ 2.4 ಎಲೆಕ್ಟ್ರಾನ್ ವೋಲ್ಟ್ ಬೆಲೆಯನ್ನು ತೆಗೆದುಕೊಂಡೆ. ಕಾರ್ಬೊನಿಲ್‌ನ ಆಮ್ಲಜನಕವನ್ನೂ ಇಂಗಾಲವೆಂದೇ ಎಣಿಸಿದೆ. ಇದು ಒರಟು ಅಂದಾಜು, ಆದರೆ ಇಲ್ಲಿಯ ವಾದಕ್ಕೆ ಸಾಕು. ಬಂಧಗಳೆಲ್ಲ ಒಂದೇ ಉದ್ದದವು ಎಂದುಕೊಂಡರೆ 22 ಪರಮಾಣುಗಳ ಸರಪಳಿಗೆ ಮೊದಲ ಉದ್ರೇಕದ ಶಕ್ತಿ 0.66 ಎಲೆಕ್ಟ್ರಾನ್ ವೋಲ್ಟ್ ಬರುತ್ತದೆ. ಅದು 1,900 ನ್ಯಾನೋಮೀಟರಿನ ಆಸುಪಾಸು, ಕಣ್ಣಿಗೆ ಕಾಣದ ಅವಕೆಂಪು. ವಾಸ್ತವದಲ್ಲಿ ದ್ವಿಬಂಧ ಗಿಡ್ಡ, ಏಕಬಂಧ ಉದ್ದ. ಜಿಗಿತದ ಶಕ್ತಿಯನ್ನು ಅದಕ್ಕೆ ತಕ್ಕಂತೆ ಶೇ. 7ರಷ್ಟು ಹೆಚ್ಚು ಕಡಿಮೆ ಮಾಡಿದರೆ ಉತ್ತರ ಸುಮಾರು 1.14 ಎಲೆಕ್ಟ್ರಾನ್ ವೋಲ್ಟಿಗೆ ಏರುತ್ತದೆ. ಅದೂ ಅವಕೆಂಪೇ, 1,090 ನ್ಯಾನೋಮೀಟರ್. ಪ್ರಯೋಗದ ಬೆಲೆ 2.6 ಎಲೆಕ್ಟ್ರಾನ್ ವೋಲ್ಟ್. ನಡುವಿನ ಈ ಅಂತರ ಸಣ್ಣಪುಟ್ಟ ತಿದ್ದುಪಡಿಯಿಂದ ಮುಚ್ಚುವಂಥದ್ದಲ್ಲ.

ಜಿಗಿತದ ಶಕ್ತಿಯನ್ನೇ ಹೆಚ್ಚಿಸಿ ಬಣ್ಣಕ್ಕೆ ಹೊಂದಿಸಿಕೊಳ್ಳಬಹುದಲ್ಲ ಎಂದು ಕೇಳಬಹುದು. ಹಾಗೆ ಮಾಡುವವರೂ ಇದ್ದಾರೆ, ಬಣ್ಣದ ಜಾಗ ಸರಿಹೋಗುತ್ತದೆ ಕೂಡ. ಆದರೆ 1972ರಲ್ಲಿ ಹಡ್ಸನ್ ಮತ್ತು ಕೋಲರ್ ಪ್ರಕಟಿಸಿದ ಫಲಿತಾಂಶ ಆ ದಾರಿಯನ್ನು ಮುಚ್ಚಿತು. ಡೈಫಿನೈಲ್ ಆಕ್ಟಾಟೆಟ್ರಾಯೀನ್ ಎಂಬ ಪಾಲಿಯೀನ್‌ನಲ್ಲಿ, ಬೆಳಕನ್ನು ಜೋರಾಗಿ ಹೀರುವ ಸ್ಥಿತಿಗಿಂತ ಕೆಳಗೆ ಇನ್ನೊಂದು ಉದ್ರಿಕ್ತ ಸ್ಥಿತಿ ಅಡಗಿರುವುದನ್ನು ಅವರು ಕಂಡರು. ಅದರ ಸಮಮಿತಿ ತಳ ಸ್ಥಿತಿಯದ್ದೇ ಆದ್ದರಿಂದ ಬೆಳಕು ಅದನ್ನು ನೇರವಾಗಿ ಮುಟ್ಟುವುದಿಲ್ಲ. ಒಂಟಿ ಎಲೆಕ್ಟ್ರಾನ್ ಮಾದರಿಯಲ್ಲಿ ಈ ಮೌನ ಸ್ಥಿತಿ ಯಾವಾಗಲೂ ಮೇಲೆಯೇ ಬರಬೇಕು. ಜಿಗಿತದ ಶಕ್ತಿಯನ್ನು ಎಷ್ಟೇ ಬದಲಿಸಿದರೂ ಕ್ರಮ ತಿರುವುಮುರುವಾಗದು. ಅದೇ ವರ್ಷ ಶುಲ್ಟನ್ ಮತ್ತು ಕಾರ್ಪ್ಲಸ್ ಕಾರಣ ಹೇಳಿದರು: ಎಲೆಕ್ಟ್ರಾನ್‌ಗಳ ಪರಸ್ಪರ ವಿಕರ್ಷಣೆ. ಎರಡು ಎಲೆಕ್ಟ್ರಾನ್‌ಗಳು ಒಟ್ಟಿಗೆ ಉದ್ರೇಕಗೊಂಡ ವಿನ್ಯಾಸಗಳು ಬೆರೆತು ಆ ಸ್ಥಿತಿಯನ್ನು ಕೆಳಕ್ಕೆ ಎಳೆಯುತ್ತವೆ.

ವಿಕರ್ಷಣೆಯನ್ನು ಸೇರಿಸುವ ಮಾದರಿ 1953ರಿಂದಲೇ ಇತ್ತು. ಪರೈಸರ್, ಪಾರ್ ಮತ್ತು ಪೋಪಲ್ ಅವರದು. ಒಂದೇ ಇಂಗಾಲದ ಮೇಲೆ ಎರಡು ಎಲೆಕ್ಟ್ರಾನ್ ಕೂತರೆ ತೆರಬೇಕಾದ ಬೆಲೆ ಅದರಲ್ಲಿ 11.26 ಎಲೆಕ್ಟ್ರಾನ್ ವೋಲ್ಟ್, ಅಂದರೆ ಜಿಗಿತದ ಶಕ್ತಿಯ ನಾಲ್ಕು ಪಟ್ಟಿಗೂ ಹೆಚ್ಚು. ಇಷ್ಟು ದೊಡ್ಡದನ್ನು ಕಿರು ತಿದ್ದುಪಡಿಯೆಂದು ಎಣಿಸುವುದು ತಪ್ಪು. ನಿಖರವಾಗಿ ಬಿಡಿಸಬೇಕು. ತೊಡಕು ಇರುವುದೇ ಅಲ್ಲಿ. ಪ್ರತಿ ಪರಮಾಣುವಿಗೆ ನಾಲ್ಕು ಸಾಧ್ಯತೆ: ಖಾಲಿ, ಮೇಲ್ಮುಖ ಸ್ಪಿನ್, ಕೆಳಮುಖ ಸ್ಪಿನ್, ಎರಡೂ. ಹತ್ತು ಪರಮಾಣುಗಳಿಗೆ ವಿನ್ಯಾಸಗಳು ಹತ್ತು ಲಕ್ಷ ದಾಟುತ್ತವೆ. ನಮ್ಮ ಇಪ್ಪತ್ತೆರಡಕ್ಕೆ ಸುಮಾರು 17.6 ಲಕ್ಷ ಕೋಟಿ. ಎಲೆಕ್ಟ್ರಾನ್‌ಗಳನ್ನು ಮೇಲ್ಮುಖ ಹನ್ನೊಂದು, ಕೆಳಮುಖ ಹನ್ನೊಂದು ಎಂದು ಕಟ್ಟುಹಾಕಿದರೂ 49,763 ಕೋಟಿ ಉಳಿಯುತ್ತವೆ.

ರಾಮಶೇಷ ಅವರ ಕೆಲಸದ ಮಹತ್ವ ಈ ಸಂಖ್ಯೆಗಳ ಎದುರಿನಲ್ಲಿಟ್ಟಾಗ ಸ್ಪಷ್ಟವಾಗುತ್ತದೆ. 1984ರಲ್ಲಿ ಅವರು ಪ್ರಿನ್ಸ್‌ಟನ್ನಿನ ಝೋಲ್ಟಾನ್ ಸೂಸ್ ಜೊತೆ ವೇಲೆನ್ಸ್ ಬಂಧ ಚಿತ್ರಗಳ ವಿಧಾನದಿಂದ ಚಿಕ್ಕ ಪಾಲಿಯೀನ್‌ಗಳನ್ನು ನಿಖರವಾಗಿ ಬಿಡಿಸಿ ತೋರಿಸಿದರು. ಬಂಧಗಳನ್ನು ಗೆರೆಗಳಾಗಿ ಬರೆದುಕೊಳ್ಳುವ ರಸಾಯನ ವಿಜ್ಞಾನಿಯ ಹಳೆಯ ರೂಢಿಯೇ ಅಲ್ಲಿ ಗಣಿತದ ಆಧಾರವಾಯಿತು. ನನಗೆ ಆ ವಿಧಾನದಲ್ಲಿ ಅತ್ಯಂತ ಮೆಚ್ಚುಗೆಯಾಗುವ ಅಂಶ ಇದು. ಉದ್ದ ಸರಪಳಿಗಳಿಗೆ ಬೇರೆ ದಾರಿ ಬೇಕಿತ್ತು. ಸ್ಟೀವನ್ ವೈಟ್ 1992ರಲ್ಲಿ ಸಾಂದ್ರತಾ ಮ್ಯಾಟ್ರಿಕ್ಸ್ ವಿಧಾನವನ್ನು ಕೊಟ್ಟಿದ್ದರು: ಸರಪಳಿಯನ್ನು ಸ್ವಲ್ಪ ಸ್ವಲ್ಪವೇ ಬೆಳೆಸುತ್ತ, ಪ್ರತಿ ಹಂತದಲ್ಲೂ ಮುಖ್ಯವಾದ ಸ್ಥಿತಿಗಳನ್ನಷ್ಟೇ ಉಳಿಸಿಕೊಳ್ಳುವುದು. ಅದು ತಳ ಸ್ಥಿತಿಗೆ ಚೆನ್ನಾಗಿ ಒಗ್ಗಿತು. ಆದರೆ ಬಣ್ಣಕ್ಕೆ ಬೇಕಾದ ಉದ್ರಿಕ್ತ ಸ್ಥಿತಿಗಳು ರಾಶಿಯಲ್ಲಿ ಬೆರೆತುಹೋಗುತ್ತಿದ್ದವು. 1996ರಲ್ಲಿ ರಾಮಶೇಷ, ಸ್ವಪನ್ ಪತಿ, ಎಚ್.ಆರ್. ಕೃಷ್ಣಮೂರ್ತಿ, ಝಿಗಾಂಗ್ ಶುಯಾಯ್ ಮತ್ತು ಬ್ರೆಡಾಸ್ ಆ ವಿಧಾನದೊಳಕ್ಕೆ ಸಮಮಿತಿಯನ್ನು ತಂದರು. ಬೆಳಕು ಹೀರುವ ಸ್ಥಿತಿಯನ್ನೂ ಮೌನ ಸ್ಥಿತಿಯನ್ನೂ ಬೇರೆ ಬೇರೆ ವರ್ಗಗಳಲ್ಲಿ ಹಿಡಿದು, ಯಾವುದು ಕೆಳಗಿದೆ ಎಂದು ಉದ್ದ ಸರಪಳಿಗಳಲ್ಲೂ ಕೇಳುವುದು ಆಗ ಸಾಧ್ಯವಾಯಿತು.

ಕ್ಯಾಪ್ಸಾಂಥಿನ್‌ಗೆ ಮರಳಿದರೆ ಒಂದು ಎಚ್ಚರಿಕೆ ಅಗತ್ಯ. ಅದರ ಎರಡು ತುದಿಗಳು ಒಂದೇ ತೆರನಾಗಿಲ್ಲ, ಹಾಗಾಗಿ ಪಾಲಿಯೀನ್‌ಗಳ ಸಮಮಿತಿ ಅದಕ್ಕೆ ಪೂರ್ತಿ ಅನ್ವಯಿಸದು. ಮೌನ ಸ್ಥಿತಿಯ ಮೌನ ಅಲ್ಲಿ ಸ್ವಲ್ಪ ಸಡಿಲ. ಆದರೂ ಸ್ಥಿತಿಗಳ ಕ್ರಮ ಉಳಿಯುತ್ತದೆಂದು ನಾನು ವಾದಿಸುತ್ತೇನೆ. ಸಮಮಿತಿಯುಳ್ಳ ಬೀಟಾ ಕ್ಯಾರೋಟಿನ್‌ನಲ್ಲಿ ಬೆಳಕು ಹೀರಿದ ಸ್ಥಿತಿ ಸುಮಾರು 200 ಫೆಮ್ಟೊಸೆಕೆಂಡಿನಲ್ಲಿ ಮೌನ ಸ್ಥಿತಿಗೆ ಇಳಿಯುತ್ತದೆ, ಅಲ್ಲಿಂದ ಸುಮಾರು ಹತ್ತು ಪಿಕೊಸೆಕೆಂಡಿನಲ್ಲಿ ಶಕ್ತಿಯ ಹೆಚ್ಚಿನ ಪಾಲು ಶಾಖವಾಗುತ್ತದೆ. ಬೀಟಾ ಕ್ಯಾರೋಟಿನ್, ಕ್ಯಾಪ್ಸಾಂಥಿನ್‌ಗಳಂಥ ಕ್ಯಾರೊಟಿನಾಯ್ಡ್‌ಗಳು ಕಡುಬಣ್ಣದವಾದರೂ ಹೀರಿದ ಬೆಳಕನ್ನು ಮರಳಿ ಸೂಸದೇ ಇರುವುದಕ್ಕೆ ಈ ಇಳಿತವೇ ಕಾರಣ.

ಮಸಾಲೆ ವ್ಯಾಪಾರದಲ್ಲಿ ಮೆಣಸಿನಕಾಯಿಯ ಬಣ್ಣವನ್ನು ಆಸ್ಟಾ ಅಂಕದಿಂದ ಅಳೆಯುತ್ತಾರೆ: ಪುಡಿಯನ್ನು ಅಸಿಟೋನ್‌ನಲ್ಲಿ ನೆನೆಸಿ, 460 ನ್ಯಾನೋಮೀಟರಿನಲ್ಲಿ ಎಷ್ಟು ಬೆಳಕು ಹೀರಿತೆಂದು ನೋಡುತ್ತಾರೆ. ಆ ತರಂಗಾಂತರದಲ್ಲಿ ಕೆಂಪು ವರ್ಣಕಗಳೂ ಹಳದಿ ವರ್ಣಕಗಳೂ ಕೂಡಿಯೇ ಹೀರುವುದರಿಂದ ಅಂಕವೊಂದೇ ಕೆಂಪಿನ ಪಾಲನ್ನು ಹೇಳಲಾರದು. ಆದರೆ ಕಾಯಿ ಹಳತಾದಂತೆ ಅಂಕ ಇಳಿಯುವುದೇಕೆ ಎಂಬುದನ್ನು ಮೇಲಿನ ಲೆಕ್ಕ ನೇರವಾಗಿ ತಿಳಿಸುತ್ತದೆ. ಗಾಳಿಯ ಆಮ್ಲಜನಕ ಸರಪಳಿಯ ನಡುವಿನ ಒಂದು ದ್ವಿಬಂಧವನ್ನು ಕಡಿದರೆ ಉಳಿಯುವುದು ನಾಲ್ಕೈದು ದ್ವಿಬಂಧಗಳ ತುಂಡುಗಳು. ನಾಲ್ಕು ದ್ವಿಬಂಧಗಳ ಆಕ್ಟಾಟೆಟ್ರಾಯೀನ್ ಹೀರುವುದು 300 ನ್ಯಾನೋಮೀಟರಿನ ಸುತ್ತಿನ ನೇರಳಾತೀತವನ್ನು. ಅಂಥ ತುಂಡಿಗೆ ಕೆಂಪು ಇರಲಾರದು. ಬೆಳಕು ಮತ್ತು ಶಾಖ ಈ ಕಡಿತವನ್ನು ಚುರುಕುಗೊಳಿಸುತ್ತವೆ. ಬ್ಯಾಡಗಿಯ ಚೀಲಗಳು ಶೀತಲಗೃಹದ ಕತ್ತಲೆಯಲ್ಲಿ ಬಣ್ಣ ಉಳಿಸಿಕೊಳ್ಳುವುದು ಆ ಎರಡೂ ಅಲ್ಲಿಲ್ಲದ ಕಾರಣ.