ದುರ್ಗವಿಲ್ಲದ ದುರ್ಗದಬೈಲು

ಹುಬ್ಬಳ್ಳಿಯ ದುರ್ಗದಬೈಲಿಗೆ ಬಟ್ಟೆಬರೆ ಕೊಳ್ಳಲೆಂದೋ, ಸಂಜೆ ಗಿರಮಿಟ್ಟು-ಮಿರ್ಚಿ ತಿನ್ನಲೆಂದೋ ಬರುವವರಿಗೆ ಲೆಕ್ಕವಿಲ್ಲ. ದುರ್ಗವೆಂದರೆ ಕೋಟೆ, ಬೈಲೆಂದರೆ ಬಯಲು. ಬಯಲೇನೋ ಇದೆ, ದುರ್ಗವೆಲ್ಲಿ?

ಹಳೇಹುಬ್ಬಳ್ಳಿ ಹಿಂದಿನಿಂದಲೂ ವ್ಯಾಪಾರದ ಊರು. ಬಟ್ಟೆಯ ವ್ಯವಹಾರಕ್ಕಾಗಿ ಇಂಗ್ಲಿಷರು ಇಲ್ಲಿ ಕೋಠಿ ತೆರೆದಿದ್ದರು. 1673ರಲ್ಲಿ ಶಿವಾಜಿಯ ಪಡೆ ಊರನ್ನು ಸೂರೆ ಮಾಡಿದಾಗ ಆ ಕೋಠಿಯೂ ಪಾರಾಗಲಿಲ್ಲ. ಮುಂದೆ 1727ರಲ್ಲಿ, ಸವಣೂರು ನವಾಬ ಮಜೀದ್‌ಖಾನನ ಕಾಲದಲ್ಲಿ, ಬಸಪ್ಪ ಶೆಟ್ಟರ್ ಎಂಬ ವರ್ತಕರು ಹೊಸ ಕೋಟೆಯನ್ನೂ ಹೊಸ ಹುಬ್ಬಳ್ಳಿಯನ್ನೂ ಕಟ್ಟಿಸಿದರು. ಅರಸ ನೆಲೆಸಿ ಆಳಿದ ರಾಜಧಾನಿ ಇದಲ್ಲ. ವ್ಯಾಪಾರಿಯೊಬ್ಬ ಕಟ್ಟಿಸಿದ ಪೇಟೆ. ನವಾಬರಿಂದ ಮರಾಠರಿಗೆ, ಅವರಿಂದ ಹೈದರಾಲಿಗೆ, ಮತ್ತೆ ಮರಾಠರಿಗೆ ಕೈ ಬದಲಾಯಿಸಿದ ಈ ಪೇಟೆಯನ್ನು 1820ರಲ್ಲಿ ಸಾಂಗ್ಲಿಯ ಪಟವರ್ಧನರು ಬ್ರಿಟಿಷರಿಗೆ ಬಿಟ್ಟುಕೊಟ್ಟರು. ಕಾದಾಟ ನಿಂತ ಮೇಲೆ ಕೋಟೆಗೆ ಕೆಲಸವಿಲ್ಲ. ಬೆಳೆಯುವ ಪೇಟೆಗೋ ಜಾಗ ಸಾಲದು. ಗೋಡೆ ಹೋಯಿತು, ಹೆಸರು ಉಳಿಯಿತು.

ಪಕ್ಕದ ಧಾರವಾಡದ ಕೋಟೆಯದು ಇನ್ನೊಂದು ಕತೆ. ಟಿಪ್ಪುವಿನ ಸೇನಾನಿ ಬದ್ರುಜ್ಜಮಾನ್ ಖಾನ್ ಕಾಯುತ್ತಿದ್ದ ಈ ಕೋಟೆಗೆ 1790ರಲ್ಲಿ ಪರಶುರಾಮ ಭಾವು ಪಟವರ್ಧನನ ದಂಡು, ಇಂಗ್ಲಿಷ್ ತುಕಡಿಯೊಂದಿಗೆ ಮುತ್ತಿಗೆ ಹಾಕಿತು. ಕೋಟೆ ಕೈಸೇರಿದ್ದು 1791ರ ಏಪ್ರಿಲ್‌ನಲ್ಲಿ. ಆರು ತಿಂಗಳಿಗೂ ಹೆಚ್ಚು ಕಾಲ ತಡೆದು ನಿಂತ ಆ ಕೋಟೆಯ ನೆನಪಿಗೆ ಇಂದು ಮುಖ್ಯವಾಗಿ ಕಾಣುವುದು ಒಂದು ಹೆಬ್ಬಾಗಿಲು.

ಅರಮನೆಯನ್ನೂ ವಸ್ತುಸಂಗ್ರಹಾಲಯವನ್ನೂ ಕಾಣಬೇಕಾದರೆ ಧಾರವಾಡದಾಚೆಯ ಕಿತ್ತೂರಿಗೇ ಹೋಗಬೇಕು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಈ ಕೋಟೆಯ ಮುಂದೆ ಹತನಾದ. ಡಿಸೆಂಬರ್‌ನಲ್ಲಿ ಕೋಟೆ ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. ಅರಮನೆಯ ಒಡಕು ಗೋಡೆಗಳ ನಡುವೆ ನೀರಿನ ತೊಟ್ಟಿ, ಧ್ರುವನಕ್ಷತ್ರ ನೋಡಲು ಗೋಡೆಯಲ್ಲಿಟ್ಟ ಕಿಂಡಿ ಈಗಲೂ ಇವೆ. ಕೋಟೆಯ ಆವರಣದಲ್ಲಿಯೇ ವಸ್ತುಸಂಗ್ರಹಾಲಯವಿದೆ.

ಮೂರು ಕೋಟೆಗಳಲ್ಲಿ ಒಂದು ಹೆಸರಾಗಿ, ಒಂದು ಬಾಗಿಲಾಗಿ, ಒಂದು ಸಂಗ್ರಹಾಲಯವಾಗಿ ಉಳಿದಿವೆ. ಯುದ್ಧದಲ್ಲಿ ಸೋತ ಕಿತ್ತೂರಿನ ಕಲ್ಲುಗಳಿಗೆ ಕಾವಲು ದೊರೆತದ್ದು ಜನ ಆ ಸೋಲನ್ನು ಮರೆಯಲಿಲ್ಲವಾದ್ದರಿಂದ. ವರ್ತಕರ ಕೋಟೆಗೆ ಅಂಥ ಕತೆ ಹೇಳುವವರು ಕಡಿಮೆ. ಆದರೂ ಬಸಪ್ಪ ಶೆಟ್ಟರ್ ಕಟ್ಟಿಸಿದ ಪೇಟೆ ಸುಮಾರು 300 ವರ್ಷಗಳ ನಂತರವೂ ಬೆಳಿಗ್ಗೆಯಾದರೆ ಬಾಗಿಲು ತೆರೆಯುತ್ತದೆ. ಆ ಬಾಗಿಲ ಮುಂದೆ ನಿಂತವರು ಊರಿನ ಹೆಸರನ್ನೊಮ್ಮೆ ಬಿಡಿಸಿ ಓದಿದರೆ, ಕಾಣದ ಕೋಟೆಯೂ ಅಷ್ಟರಮಟ್ಟಿಗೆ ಉಳಿದಂತೆಯೇ.