ಘಟನೆಗೆ ಹೆಸರಿಡುವ ಕ್ರಮ: ಲಾಗ್ ದಾಖಲೆಗಳ ನಾಮಶ್ರೇಣಿಯ ಬೆಳವಣಿಗೆ

ಗಣಕಯಂತ್ರವು ತನ್ನ ವ್ಯಾಪಾರಗಳನ್ನು ಕ್ಷಣಕ್ಷಣಕ್ಕೂ ಲಾಗ್‌ನಲ್ಲಿ ಬರೆದಿಡುವುದು ಸುಲಭಸಾಧ್ಯ. ಹಾಗೆ ಬರೆದದ್ದರಲ್ಲಿ ಬೇಕಾದ ಸಾಲು, ಬರೆದವನಲ್ಲದ ಬೇರೊಬ್ಬನಿಗೆ, ಬೇಕಾದಾಗ ದೊರೆಯುವಂತೆ ಮಾಡುವುದೇ ದುಸ್ಸಾಧ್ಯವಾದುದು. ಕಳೆದ ನಾಲ್ಕು ದಶಕಗಳಲ್ಲಿ ಈ ವಿದ್ಯೆ ಬೆಳೆದುಬಂದ ಬಗೆಯನ್ನು ನೋಡಿದರೆ, ದಾಖಲೆಗೆ ಇಡುವ ಹೆಸರು ಬರೆಯುವವನ ಅನುಕೂಲವನ್ನು ಅನುಸರಿಸಬೇಕೋ ಓದುವವನ ಪ್ರಶ್ನೆಯನ್ನು ಅನುಸರಿಸಬೇಕೋ ಎಂಬ ಒಂದೇ ವಿವಾದ ಅದರ ಉದ್ದಕ್ಕೂ ಹರಿದುಬಂದಿರುವುದು ಕಾಣುತ್ತದೆ.

1980ರ ದಶಕದಲ್ಲಿ ಬರ್ಕ್ಲಿಯ ವಿಶ್ವವಿದ್ಯಾನಿಲಯದಲ್ಲಿ ಎರಿಕ್ ಆಲ್ಮನ್ನರು ಸೆಂಡ್‌ಮೇಲ್ ಎಂಬ ತಮ್ಮ ಅಂಚೆ ತಂತ್ರಾಂಶದ ಅಂಗವಾಗಿ ನಿರ್ಮಿಸಿದ ಸಿಸ್‌ಲಾಗ್ ವ್ಯವಸ್ಥೆಯಲ್ಲಿ ಹೆಸರೆಂಬುದು ಇನ್ನೂ ಅಂಕೆಯ ಅವಸ್ಥೆಯಲ್ಲಿಯೇ ಇದ್ದಿತು. ಸಂದೇಶ ಹೊರಟ ಮೂಲಕ್ಕೊಂದು ಅಂಕೆ, ಅದರ ತೀವ್ರತೆಗೊಂದು ಅಂಕೆ; ಮೊದಲನೆಯದನ್ನು ಎಂಟರಿಂದ ಗುಣಿಸಿ ಎರಡನೆಯದನ್ನು ಕೂಡಿಸಿದರೆ ಸಂದೇಶದ ಶಿರೋಭಾಗ ಸಿದ್ಧ. ಅಂಚೆಯ ಅಂಕೆ 2, ದೋಷದ ಅಂಕೆ 3 ಆದುದರಿಂದ ಅಂಚೆಯ ದೋಷಗಳೆಲ್ಲವೂ 19 ಎಂಬ ಸಂಖ್ಯೆಯನ್ನು ಹೊತ್ತು ಬರುವುವು. ಮುಂದೆ ಪ್ರಮಾಣೀಕೃತವಾದ ಪಟ್ಟಿಯಲ್ಲಿಯೂ ಮೂಲಗಳು 24ಕ್ಕೆ ಮೀರಲಿಲ್ಲ. ಬಹುಮಟ್ಟಿಗೆ ಬಳಕೆ ತಪ್ಪಿದ ಯುಯುಸಿಪಿ ಎಂಬ ಕಡತವಿನಿಮಯ ವ್ಯವಸ್ಥೆಗೆ ಅಲ್ಲಿ ಸ್ಥಾನವುಂಟು, ವೆಬ್ ಸರ್ವರಿಗೆ ಇಲ್ಲ.

ವೃಕ್ಷರೂಪದ ನಾಮಕ್ರಮ ಮನೆಮಾತಾದದ್ದು ಜಾವಾ ಭಾಷೆಯ ಲಾಗ್‌ಫೋರ್‌ಜೆ ಮೂಲಕ. 1996ರಲ್ಲಿ ಯೂರೋಪಿನ ಸೆಂಪರ್ ಯೋಜನೆಗಾಗಿ ಆರಂಭವಾಗಿ, ಜೆಕಿ ಗುಲ್ಜು ಅವರ ಕೈಯಲ್ಲಿ ರೂಪ ತಳೆದ ಈ ಸಾಧನದಲ್ಲಿ ಚುಕ್ಕೆಯಿಂದ ಬೇರ್ಪಟ್ಟ ಹೆಸರುಗಳಿಗೆ ತಾಯಿಮಕ್ಕಳ ಸಂಬಂಧವುಂಟು: ‘ಕಾಂ.ಫೂ’ ಎಂಬುದು ‘ಕಾಂ.ಫೂ.ಬಾರ್’ ಎಂಬುದರ ತಾಯಿ. ತನ್ನದೇ ತೀವ್ರತೆಯ ಮಟ್ಟವನ್ನು ಗೊತ್ತುಮಾಡದ ಮಗು ಸಮೀಪದ ಪೂರ್ವಜರ ಮಟ್ಟವನ್ನೇ ಅನುಸರಿಸುತ್ತದೆ. 2003ರ ಪೈಥಾನ್ 2.3 ಇದೇ ಕ್ರಮವನ್ನು ಅಂಗೀಕರಿಸಿತು. ಸೊಗಸಾದ ಕಲ್ಪನೆಯೇ ಹೌದು. ಆದರೆ ಆ ವೃಕ್ಷವು ಸಾಮಾನ್ಯವಾಗಿ ಆಕರ ಸಂಕೇತದ ಪ್ರತಿಬಿಂಬ. ಕ್ರಮವಿಧಿಕಾರನು ತನ್ನ ಕಡತಗಳನ್ನು ಅತ್ತಿತ್ತ ಸರಿಸಿದನೆಂದರೆ ಹೆಸರೂ ಸರಿಯಿತು, ಅದನ್ನು ಹುಡುಕುವವನು ದಾರಿ ತಪ್ಪಿದನು.

ಈ ನ್ಯೂನತೆಗೆ ನಾನು ಕಂಡ ಪರಿಹಾರಗಳಲ್ಲಿ ಅತ್ಯಂತ ವಿಚಾರಪೂರ್ಣವಾದುದು ಟ್ವಿಟರ್ ಸಂಸ್ಥೆಯದು. ಜಾರ್ಜ್ ಲೀ, ಜಿಮ್ಮಿ ಲಿನ್ ಮೊದಲಾದವರು 2012ರ ಪ್ರಬಂಧವೊಂದರಲ್ಲಿ ಅದನ್ನು ವಿವರಿಸಿದ್ದಾರೆ. ಮೊದಲು ಅಲ್ಲಿ ತಂಡಕ್ಕೊಂದು ಶೈಲಿ: ಬಳಕೆದಾರನ ಸಂಖ್ಯೆಯನ್ನು ಒಬ್ಬರು ಅಡಿಗೆರೆಯಿಂದ ಜೋಡಿಸಿ ಬರೆದರೆ ಇನ್ನೊಬ್ಬರು ನಡುವೆ ದೊಡ್ಡಕ್ಷರವಿಟ್ಟು ಬರೆಯುವರು. ಅದಕ್ಕೆ ಬದಲಾಗಿ ಪ್ರತಿಯೊಂದು ಘಟನೆಗೂ ಸಾಧನ, ಪುಟ, ವಿಭಾಗ, ಘಟಕ, ಅಂಶ, ಕ್ರಿಯೆ ಎಂಬ ಆರು ಸ್ತರಗಳ ಹೆಸರನ್ನು, ಎಲ್ಲವೂ ಸಣ್ಣಕ್ಷರಗಳಲ್ಲಿಯೇ ಇರತಕ್ಕದ್ದೆಂದು, ವಿಧಿಸಲಾಯಿತು. ‘ವೆಬ್:ಹೋಮ್:ಮೆನ್ಶನ್ಸ್:ಸ್ಟ್ರೀಮ್:ಅವತಾರ್:ಪ್ರೊಫೈಲ್ ಕ್ಲಿಕ್’ ಎಂಬುದನ್ನು ಎಡದಿಂದ ಓದಿಕೊಂಡು ಹೋದರೆ ಬಳಕೆದಾರನ ಕಣ್ಣು ಪರದೆಯ ಮೇಲೆ ಎಲ್ಲಿಂದ ಎಲ್ಲಿಗೆ ಇಳಿದು ಬೆರಳು ಏನನ್ನು ಒತ್ತಿತೆಂಬುದು ತಾನಾಗಿ ತಿಳಿಯುತ್ತದೆ. ಮೊದಲ ಮೂರು ಸ್ತರಗಳನ್ನು ಹಿಡಿದು ಉಳಿದುದಕ್ಕೆ ನಕ್ಷತ್ರಚಿಹ್ನೆ ಇಟ್ಟರೆ ಆ ವಿಭಾಗದ ಸಮಸ್ತ ಚಟುವಟಿಕೆ. ಕೊನೆಯದೊಂದನ್ನೇ ಹಿಡಿದರೆ ಎಲ್ಲ ಸಾಧನಗಳಲ್ಲಿ ನಡೆದ ಆ ಕ್ರಿಯೆ. ಪುಟಕ್ಕೆ ವಿಭಾಗವೇ ಇಲ್ಲದಿದ್ದರೆ ಆ ಸ್ಥಾನ ಬರಿದಾಗಿ ಉಳಿಯಬಹುದು, ಅಳಿಯಲಾಗದು. ಆಳವು ಇಂತಿಷ್ಟೆಂದು ನಿಯತವಾಗಿರುವುದೇ ಇಲ್ಲಿನ ಜಾಣ್ಮೆ. ಸ್ವೇಚ್ಛೆಯಾಗಿ ಕವಲೊಡೆಯುವ ವೃಕ್ಷದಲ್ಲಿ ಮೂರನೆಯ ಸ್ತರವೆಂದರೆ ಏನೆಂದು ಯಾರೂ ಖಚಿತವಾಗಿ ಹೇಳಲಾರರು.

ಅನಂತರದ ದಿನಗಳಲ್ಲಿ ಶ್ರೇಣಿಯು ಘಟನೆಯ ಹೆಸರಿಗಿಂತ ಹೆಚ್ಚಾಗಿ ಅದರೊಳಗಿನ ಗುಣಗಳ ಹೆಸರನ್ನು ಆಶ್ರಯಿಸಿತು. 2019ರಲ್ಲಿ ಓಪನ್‌ಟ್ರೇಸಿಂಗ್, ಓಪನ್‌ಸೆನ್ಸಸ್ ಯೋಜನೆಗಳು ಕೂಡಿ ಹುಟ್ಟಿದ ಓಪನ್‌ಟೆಲಿಮೆಟ್ರಿಯು ಇಂತಹ ಗುಣನಾಮಗಳ ಸಾರ್ವತ್ರಿಕ ಕೋಶವನ್ನು ಕಟ್ಟತೊಡಗಿತು. 2023ರಲ್ಲಿ ಇಲಾಸ್ಟಿಕ್ ಸಂಸ್ಥೆ ತನ್ನ ನಾಮಕೋಶವನ್ನೂ ಅದಕ್ಕೆ ಅರ್ಪಿಸಿತು. ಆದರೆ ಅದೇ ವರ್ಷ ಎಚ್‌ಟಿಟಿಪಿ ನಾಮಗಳನ್ನು ಸ್ಥಿರಗೊಳಿಸುವಾಗ ‘ಎಚ್‌ಟಿಟಿಪಿ.ಮೆಥಡ್’ ಎಂದಿದ್ದುದನ್ನು ‘ಎಚ್‌ಟಿಟಿಪಿ.ರಿಕ್ವೆಸ್ಟ್.ಮೆಥಡ್’ ಎಂದು ಬದಲಿಸಬೇಕಾಯಿತು. ಹಳೆಯ ಹೆಸರನ್ನು ನಂಬಿದ್ದ ಎಚ್ಚರಿಕೆಗಳೂ ಫಲಕಗಳೂ ಒಮ್ಮೆಲೇ ನಿಷ್ಕ್ರಿಯವಾಗದಿರಲೆಂದು, ಒಂದೇ ಗುಣವನ್ನು ಎರಡು ಹೆಸರುಗಳಿಂದಲೂ ಹೊರಡಿಸುವ ಏರ್ಪಾಡನ್ನು ಪರಿವರ್ತನಕಾಲಕ್ಕಾಗಿ ಮಾಡಿದರು.